ಡೀಪ್ ಪರ್ಪಲ್: ಯಾವ ಮಾರ್ಕ್, ಯಾರ ದನಿ, ಯಾವ ರೆಕಾರ್ಡು?

ಪ್ರಶ್ನೆ: ಅಪ್ಪನ ಕಾಲದ ‘ಮಷೀನ್ ಹೆಡ್’ ಕ್ಯಾಸೆಟ್ ಕೇಳಿಕೊಂಡೇ ಬೆಳೆದವನು ನಾನು. ಈಗ ಮೊಬೈಲಿನಲ್ಲಿ ಡೀಪ್ ಪರ್ಪಲ್ ಅಂತ ಹುಡುಕಿದರೆ ಒಂದೇ ಹಾಡು ಮೂರ್ನಾಲ್ಕು ಬೇರೆ ದನಿಗಳಲ್ಲಿ ಬರುತ್ತದೆ. ಮಾರ್ಕ್ 2, ಮಾರ್ಕ್ 3 ಅಂತೆಲ್ಲ ಬರೆದಿರುತ್ತಾರೆ. ಏನಿದರ ಲೆಕ್ಕ? ಇಷ್ಟು ಜನ ಬಂದು ಹೋದ ಮೇಲೆ ಅಸಲಿ ತಂಡ ಅಂತ ಯಾವುದನ್ನು ಕರೆಯಬೇಕು? ಯಾವ ರೆಕಾರ್ಡುಗಳನ್ನು ಕೊಳ್ಳಬೇಕು? ಇನ್ನೊಂದು: ‘ಸ್ಮೋಕ್ ಆನ್ ದ ವಾಟರ್’ ಗಿಟಾರಿನಲ್ಲಿ ನುಡಿಸಿದರೆ ರೆಕಾರ್ಡಿನ ಹಾಗೆ ಕೇಳಿಸುವುದೇ ಇಲ್ಲ, ಯಾಕೆ?

ಉತ್ತರ: ಮೊದಲು ಲೆಕ್ಕ. ಈ ಬ್ರಿಟಿಷ್ ರಾಕ್ ತಂಡದಲ್ಲಿ ಯಾವಾಗಲೂ ಐದೇ ಜನ: ಗಾಯಕ, ಗಿಟಾರ್, ಬೇಸ್, ಆರ್ಗನ್, ಡ್ರಮ್ಸ್. ಐವರಲ್ಲಿ ಒಬ್ಬ ಬದಲಾದರೂ ಮಾರ್ಕ್ ಸಂಖ್ಯೆ ಒಂದು ಮುಂದೆ ಹೋಗುತ್ತದೆ. ಹಳೆಯ ಐವರೇ ಮತ್ತೆ ಕೂಡಿಕೊಂಡರೆ ಹಳೆಯ ಸಂಖ್ಯೆಯೇ ವಾಪಸ್ಸು. ಹೀಗಾಗಿ ಮಾರ್ಕ್ 2 ಎಂಬುದು ಮೂರು ಸಲ ಬರುತ್ತದೆ: 1969ರಿಂದ 73, 1984ರಿಂದ 89, 1992ರಿಂದ 93. ಒಟ್ಟು ಒಂಬತ್ತು ಮಾರ್ಕ್‌ಗಳು, 15 ಜನ. ಒಂಬತ್ತರಲ್ಲೂ ಇರುವವರು ಡ್ರಮ್ಸ್‌ನ ಇಯಾನ್ ಪೇಸ್ ಒಬ್ಬರೇ. ಆರ್ಗನ್ ನುಡಿಸುತ್ತಿದ್ದ ಜಾನ್ ಲಾರ್ಡ್ ಏಳನೆಯ ಮಾರ್ಕ್‌ವರೆಗೆ, ಅಂದರೆ 2002ರವರೆಗೆ ಇದ್ದರು.

ಅಸಲಿ ಯಾವುದು ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಮಾರ್ಕ್ 2 ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ, ಆದರೆ ಅದರಿಂದ ಕೇಳುಗನಿಗೆ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆಗಳು ಎರಡು. ಈ ಹಾಡು ರೆಕಾರ್ಡ್ ಆದ ದಿನ ಯಾರ್ಯಾರಿದ್ದರು? ಹಾಡಿನ ಕೆಳಗೆ ರಚನೆಕಾರರೆಂದು ಯಾರ ಹೆಸರು ಅಚ್ಚಾಗಿದೆ? ಮೊದಲನೆಯದು ದನಿ ಯಾಕೆ ಬೇರೆ ಎಂಬುದನ್ನು ಹೇಳುತ್ತದೆ. ಎರಡನೆಯದು, ಈ ತಂಡ ಯಾಕೆ ಹೀಗೆ ಒಡೆಯುತ್ತ ಕೂಡುತ್ತ ಬಂತು ಎಂಬುದನ್ನು.

ತಂಡ ಹುಟ್ಟಿದ್ದೇ ಹತ್ತಿಳಿಯುವವರಿಗಾಗಿ. 1967ರಲ್ಲಿ ‘ಸರ್ಚರ್ಸ್’ ತಂಡದ ಹಳೆಯ ಡ್ರಮ್ಮರ್ ಕ್ರಿಸ್ ಕರ್ಟಿಸ್, ಲಂಡನ್ನಿನ ವ್ಯಾಪಾರಿ ಟೋನಿ ಎಡ್ವರ್ಡ್ಸ್ ಬಳಿ ಒಂದು ಯೋಜನೆ ಹಿಡಿದುಕೊಂಡು ಹೋದರು. ತಂಡದ ಹೆಸರು ‘ರೌಂಡ್‌ಅಬೌಟ್’; ಕಲಾವಿದರು ತಿರುಗುವ ಬಂಡಿ ಹತ್ತಿದಂತೆ ಬರಬೇಕು, ಇಳಿದು ಹೋಗಬೇಕು. ಎಡ್ವರ್ಡ್ಸ್ ಮತ್ತು ಪಾಲುದಾರರು ದುಡ್ಡು ಹಾಕಿದರು. ಲಾರ್ಡ್ ಬಂದರು, ಹ್ಯಾಂಬರ್ಗ್‌ನಲ್ಲಿದ್ದ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಹಿಡಿದು ಬಂದರು. ಮೊದಲು ಇಳಿದುಹೋದವರು ಯೋಜನೆ ತಂದ ಕರ್ಟಿಸ್ ಅವರೇ. ಆಮೇಲೆ ಬೇಸ್‌ಗೆ ನಿಕ್ ಸಿಂಪರ್, ಗಾಯನಕ್ಕೆ ರಾಡ್ ಇವಾನ್ಸ್, ಇವಾನ್ಸ್ ಜೊತೆಗೆ ಅದೇ ‘ಮೇಜ್’ ತಂಡದಿಂದ ಇಯಾನ್ ಪೇಸ್. 1968ರ ಏಪ್ರಿಲ್‌ನಲ್ಲಿ ಡೆನ್ಮಾರ್ಕ್‌ನಲ್ಲಿ ಮೊದಲ ಕಾರ್ಯಕ್ರಮ ಆಗುವ ಹೊತ್ತಿಗೆ ಹೆಸರು ಡೀಪ್ ಪರ್ಪಲ್ ಆಗುತ್ತಿತ್ತು. ಬ್ಲ್ಯಾಕ್‌ಮೋರ್ ಅಜ್ಜಿಗೆ ಇಷ್ಟವಾದ ಒಂದು ಹಳೆಯ ಹಾಡಿನ ಹೆಸರದು.

ಮಾರ್ಕ್ 1ರಲ್ಲಿ ಮೂರು ಆಲ್ಬಂ ಬಂದವು, ಎಲ್ಲ ಒಂದೇ ವರ್ಷದ ಅಂತರದಲ್ಲಿ. ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿದ ‘ಹಶ್’ ಇವರದೇ, ಆದರೆ ಹಾಡು ಬರೆದವರು ಜೋ ಸೌತ್. ಗಮನಿಸಬೇಕಾದದ್ದು ಇದನ್ನೇ. ಈ ತಂಡ ಹೆಸರು ಮಾಡಿದ್ದು ಪರರ ಹಾಡುಗಳಿಂದ: ಬೀಟಲ್ಸ್‌ನವೆರಡು, ನೀಲ್ ಡೈಮಂಡ್‌ರದೊಂದು. ಇವಾನ್ಸ್ ದನಿ ನಯವಾದದ್ದು, ನಿಧಾನದ ಹಾಡಿಗೆ ಹೇಳಿ ಮಾಡಿಸಿದ್ದು. ಬ್ಲ್ಯಾಕ್‌ಮೋರ್ ಮತ್ತು ಲಾರ್ಡ್‌ಗೆ ಬೇಕಿದ್ದ ಗದ್ದಲದ ಮೇಲೆ ನಿಲ್ಲುವಂಥದ್ದಲ್ಲ. 1969ರ ಜೂನ್‌ನಲ್ಲಿ ‘ಎಪಿಸೋಡ್ ಸಿಕ್ಸ್’ ತಂಡದ ಗಾಯಕ ಇಯಾನ್ ಗಿಲನ್ ಕಣ್ಣಿಗೆ ಬಿದ್ದರು. ಅವರ ಜೊತೆಗೆ ಹಾಡು ಕಟ್ಟುತ್ತಿದ್ದ ಬೇಸ್ ವಾದಕ ರೋಜರ್ ಗ್ಲವರ್ ಕೂಡ. ಮುಂದೆ ನಡೆದದ್ದು ಚಂದದ ಕೆಲಸವೇನಲ್ಲ. ಹಗಲು ಹ್ಯಾನ್‌ವೆಲ್‌ನ ಸಮುದಾಯ ಭವನದಲ್ಲಿ ಹೊಸಬರ ಜೊತೆ ತಾಲೀಮು, ಸಂಜೆ ಹಳಬರ ಜೊತೆ ಕಾರ್ಯಕ್ರಮ. ಇವಾನ್ಸ್, ಸಿಂಪರ್ ಇಬ್ಬರಿಗೂ ಸುದ್ದಿ ಗೊತ್ತಾಗುವ ಹೊತ್ತಿಗೆ ಅವರ ಜಾಗ ಭರ್ತಿಯಾಗಿಬಿಟ್ಟಿತ್ತು.

ಮಾರ್ಕ್ 2 ಮಾಡಿಕೊಂಡ ಮೊದಲ ಒಪ್ಪಂದವೇ ಅದರ ಬಲ: ಹಾಡು ಯಾರೇ ಕಟ್ಟಲಿ, ಕೆಳಗೆ ಐವರ ಹೆಸರೂ ಇರಬೇಕು, ರಾಯಲ್ಟಿ ಐದು ಪಾಲು. 1970ರ ‘ಇನ್ ರಾಕ್’ನಿಂದ 1973ರವರೆಗಿನ ಯಾವ ಆಲ್ಬಂ ತೆಗೆದರೂ ಬ್ಲ್ಯಾಕ್‌ಮೋರ್, ಗಿಲನ್, ಗ್ಲವರ್, ಲಾರ್ಡ್, ಪೇಸ್ ಎಂದೇ ಇರುತ್ತದೆ. ನನ್ನ ಸಾಲು ಉಳಿಯಲಿ, ನಿನ್ನದು ಹೋಗಲಿ ಎಂಬ ಜಗ್ಗಾಟಕ್ಕೆ ಆಸ್ಪದವೇ ಇರಲಿಲ್ಲ. ತಾಲೀಮಿನ ಕೋಣೆಯಲ್ಲಿ ಯಾರೋ ಒಂದು ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಎಳೆಯುತ್ತಿದ್ದರು, ಉಳಿದವರು ಅದರ ಮೇಲೆ ಬೀಳುತ್ತಿದ್ದರು.

ದನಿಯ ಮಟ್ಟಿಗೆ ‘ಇನ್ ರಾಕ್’ನಲ್ಲಿ ಆದ ದೊಡ್ಡ ಬದಲಾವಣೆ ಗಿಲನ್ ಚೀತ್ಕಾರ ಅಂತ ಎಲ್ಲರೂ ಬರೆಯುತ್ತಾರೆ. ಆರ್ಗನ್‌ನಲ್ಲಾದ ಬದಲಾವಣೆ ಅದಕ್ಕೇನೂ ಕಡಿಮೆಯದಲ್ಲ. ಹ್ಯಾಮಂಡ್ ಆರ್ಗನ್ ಅಂದರೆ ಸಾಮಾನ್ಯವಾಗಿ ಲೆಸ್ಲಿ ಎಂಬ ತಿರುಗುವ ಸ್ಪೀಕರ್ ಜೊತೆ ನುಡಿಸುವ ವಾದ್ಯ. ಚರ್ಚಿನಲ್ಲೂ ಜಾಝ್‌ನಲ್ಲೂ ಕೇಳುವ ಆ ಅಲೆಅಲೆ ನಾದ ಅದರಿಂದಲೇ ಬರುವುದು. ಲಾರ್ಡ್ ಆರ್ಗನ್‌ನ ವೈರನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿದರು. ನಾದ ಒಡೆದು ಗರಗರ ಅನ್ನತೊಡಗಿತು. ಅಲ್ಲಿಂದ ಮುಂದೆ ಎಷ್ಟೋ ಕಡೆ ಗಿಟಾರ್ ಯಾವುದು, ಆರ್ಗನ್ ಯಾವುದು ಎಂದು ಬಿಡಿಸಿ ಹೇಳಲು ಹೆಡ್‌ಫೋನ್ ಬೇಕು. ನಿಮ್ಮ ಕೊನೆಯ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಆ ಮಾತಿಗೆ ಆಮೇಲೆ ಬರೋಣ.

ಇದೇ ಆಲ್ಬಂನ ‘ಚೈಲ್ಡ್ ಇನ್ ಟೈಮ್’ ಬಗ್ಗೆ ಒಂದು ಮಾತು. ಆರಂಭದ ಆರ್ಗನ್ ಎಳೆ, ಸ್ಯಾನ್ ಫ್ರಾನ್ಸಿಸ್ಕೋದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ತಂಡದ ‘ಬಾಂಬೆ ಕಾಲಿಂಗ್’ ಎಂಬ ವಾದ್ಯಸಂಗೀತದಿಂದ ಬಂದದ್ದು. ಮೂಲದಲ್ಲಿ ಅದು ವೇಗದ್ದು, ಇವರು ನಿಧಾನ ಮಾಡಿಕೊಂಡರು. ಗಿಲನ್ ಇದನ್ನು ಮುಚ್ಚಿಟ್ಟವರೂ ಅಲ್ಲ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ, ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ.

ನಿಮ್ಮ ಮನೆಯ ಕ್ಯಾಸೆಟ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1971ರ ಡಿಸೆಂಬರ್‌ನಲ್ಲಿ ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋಯಿತು. ರೋಲಿಂಗ್ ಸ್ಟೋನ್ಸ್ ತಂಡದ ರೆಕಾರ್ಡಿಂಗ್ ಲಾರಿಯನ್ನು ಬಾಡಿಗೆಗೆ ತಂದು, ಊರಿನ ಕ್ಯಾಸಿನೋದಲ್ಲಿ ಧ್ವನಿಮುದ್ರಣ ಮಾಡುವುದು ಲೆಕ್ಕಾಚಾರ. ಡಿಸೆಂಬರ್ 4ರಂದು ಅಲ್ಲಿ ಫ್ರ್ಯಾಂಕ್ ಝಾಪ ಕಾರ್ಯಕ್ರಮ ನಡೆಯುತ್ತಿರುವಾಗ ಪ್ರೇಕ್ಷಕನೊಬ್ಬ ಫ್ಲೇರ್ ಗನ್ ಹಾರಿಸಿದ. ಚಾವಣಿಗೆ ಬೆಂಕಿ ಹತ್ತಿ ಕ್ಯಾಸಿನೋ ಸುಟ್ಟುಹೋಯಿತು. ಇವರನ್ನು ಕರೆಸಿದ್ದ ಕ್ಲಾಡ್ ನಾಬ್ಸ್ ಬದಲಿಗೆ ‘ಪೆವಿಲಿಯನ್’ ಎಂಬ ರಂಗಮಂದಿರ ಕೊಡಿಸಿದರು. ಅಲ್ಲಿ ಒಂದೇ ಹಾಡಿನ ವಾದ್ಯಭಾಗ ಮುಗಿಯುವಷ್ಟರಲ್ಲಿ ಗದ್ದಲಕ್ಕೆ ನಿದ್ದೆಗೆಟ್ಟ ಊರವರ ದೂರಿನ ಮೇಲೆ ಪೊಲೀಸರು ಬಂದರು. ತಂಡದ ಹುಡುಗರು ಒಳಗಿನಿಂದ ಬಾಗಿಲು ಒತ್ತಿ ಹಿಡಿದುಕೊಂಡಿದ್ದಾಗ ಆ ಟೇಕ್ ಮುಗಿಯಿತು. ಆಗಿನ್ನೂ ಸಾಹಿತ್ಯವೇ ಇರದಿದ್ದ ಆ ಹಾಡು ‘ಸ್ಮೋಕ್ ಆನ್ ದ ವಾಟರ್’. ಉಳಿದ ಆಲ್ಬಂ ಪೂರ್ತಿ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಆಯಿತು. ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿ ಪ್ರತಿಧ್ವನಿ ತಡೆದರು. ಹೊರಗೆ ನಿಂತ ಲಾರಿಗೆ ಹೋಗಿ ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆ, ಬಾಲ್ಕನಿ, ಮೆಟ್ಟಿಲು ದಾಟಿ ಹಿಮದಲ್ಲಿ ನಡೆಯಬೇಕು. ನಡೆದು ನಡೆದು ಸಾಕಾಗಿ, ಕೇಳುವುದನ್ನೇ ಬಿಟ್ಟರು. ಸರಿ ಬಂತು ಅನ್ನಿಸಿದರೆ ಮುಂದಿನ ಹಾಡು. ಆ ಆಲ್ಬಂಗೆ ಅತಿ ತಿದ್ದುವಿಕೆಯ ವಾಸನೆ ಬಡಿಯದಿರಲು ಈ ಮೆಟ್ಟಿಲುಗಳೂ ಕಾರಣ. ಲಾರಿಯಲ್ಲಿ ಕೂತಿದ್ದವರು ಎಂಜಿನಿಯರ್ ಮಾರ್ಟಿನ್ ಬರ್ಚ್.

ಅದೇ ಬರ್ಚ್ 1972ರ ಆಗಸ್ಟ್ 15, 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ‘ಮೇಡ್ ಇನ್ ಜಪಾನ್’ ಮುದ್ರಿಸಿಕೊಂಡರು. ಅದು ಜಪಾನಿನ ಮಾರುಕಟ್ಟೆಗೆ ಮಾತ್ರ ಅಂದುಕೊಂಡದ್ದು; ತಂಡಕ್ಕೆ ಅದರ ಮೇಲೆ ಅಂಥ ಆಸಕ್ತಿಯೂ ಇರಲಿಲ್ಲ. ಮೂಲ ಎರಡು ಎಲ್‌ಪಿಗಳಲ್ಲಿ ಏಳೇ ಹಾಡು. ‘ಸ್ಮೋಕ್’ ಮಾತ್ರ 15ರದ್ದು, ‘ದ ಮ್ಯೂಲ್’ ಮತ್ತು ‘ಲೇಜಿ’ ಟೋಕಿಯೋದವು, ಉಳಿದವು 16ರವು.

ಇಷ್ಟೆಲ್ಲ ಆಗುವಾಗಲೇ ತಂಡ ಒಳಗಿಂದ ಸವೆದಿತ್ತು. ಅಮೆರಿಕಕ್ಕೆ ಪ್ರವಾಸದ ಮೇಲೆ ಪ್ರವಾಸ. ಗಿಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಬೇರೆ ಬೇರೆ ಸಮಯದಲ್ಲಿ ಕಾಮಾಲೆ, ಗ್ಲವರ್‌ಗೆ ಹೊಟ್ಟೆಯ ತೊಂದರೆ. ವ್ಯವಸ್ಥಾಪಕರು ಆರು ತಿಂಗಳು ರಜೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ಕೊಡಲಿಲ್ಲ. ಬ್ಲ್ಯಾಕ್‌ಮೋರ್, ಗಿಲನ್ ನಡುವೆ ಮಾತು ನಿಂತಿತ್ತು. 1972ರ ಕೊನೆಗೆ ಗಿಲನ್ ಪತ್ರ ಬರೆದು, ಮುಂದಿನ ಜೂನ್ ಕೊನೆಗೆ ಬಿಡುತ್ತೇನೆ ಎಂದರು. 1973ರ ಜೂನ್ 29ರಂದು ಒಸಾಕಾದಲ್ಲಿ ಕೊನೆಯ ಕಾರ್ಯಕ್ರಮ. ಬ್ಲ್ಯಾಕ್‌ಮೋರ್ ಗ್ಲವರ್ ಕೂಡ ಬೇಡವೆಂದರು, ಅವರೂ ಹೋದರು. ‘ಸ್ಮೋಕ್ ಆನ್ ದ ವಾಟರ್’ ಅಮೆರಿಕದಲ್ಲಿ ಸಿಂಗಲ್ ಆಗಿ ಬಿಡುಗಡೆಯಾಗಿ 4ನೇ ಸ್ಥಾನಕ್ಕೇರಿದ್ದು ಅದೇ ಬೇಸಿಗೆಯಲ್ಲಿ. ಹಾಡು ರೇಡಿಯೋದಲ್ಲಿ ಮೊಳಗುತ್ತಿತ್ತು, ಹಾಡಿದವರು ತಂಡದಲ್ಲಿರಲಿಲ್ಲ.

ನಿಮಗೆ ಗೊಂದಲ ತಂದ ‘ಬೇರೆ ದನಿ’ ಶುರುವಾಗುವುದು ಇಲ್ಲಿಂದ. ಮಾರ್ಕ್ 3ಕ್ಕೆ ಬೇಸ್‌ಗೆ ‘ಟ್ರೆಪೀಜ್’ ತಂಡದ ಗ್ಲೆನ್ ಹ್ಯೂಸ್ ಬಂದರು, ಬೇಸ್ ನುಡಿಸುತ್ತಲೇ ಮೇಲಿನ ಸ್ಥಾಯಿಯಲ್ಲಿ ಹಾಡುವವರು. ಮುಖ್ಯ ಗಾಯಕರಾಗಿ ಬಂದವರು ಇಂಗ್ಲೆಂಡಿನ ಉತ್ತರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, 21 ವರ್ಷದ ಡೇವಿಡ್ ಕವರ್‌ಡೇಲ್. ಇವರದು ಎದೆಯಿಂದ ಬರುವ ದಪ್ಪ ದನಿ. 1974ರ ‘ಬರ್ನ್’ ಶೀರ್ಷಿಕೆ ಹಾಡಿನಲ್ಲಿ ಚರಣ ಕವರ್‌ಡೇಲ್‌ದು, ನಡುವೆ ತೂರಿ ಬರುವ ತಾರಸ್ಥಾಯಿ ಹ್ಯೂಸ್‌ರದು. ಒಂದೇ ಹಾಡಿನಲ್ಲಿ ಇಬ್ಬರು ಮುಖ್ಯ ಗಾಯಕರು ಕೇಳಿಸಿದರೆ ಅದು ಮಾರ್ಕ್ 3 ಅಥವಾ 4. ಬೇರೆ ಸಾಧ್ಯತೆಯೇ ಇಲ್ಲ. ಐದು ಪಾಲಿನ ಪದ್ಧತಿ ಸಡಿಲವಾದದ್ದೂ ಈಗಲೇ. ಹ್ಯೂಸ್ ಬೇರೆ ಕರಾರಿನಲ್ಲಿ ಸಿಕ್ಕಿಕೊಂಡಿದ್ದರಿಂದ ‘ಬರ್ನ್’ನ ಮೊದಲ ಅಚ್ಚಿನಲ್ಲಿ ರಚನೆಕಾರರ ಸಾಲಿನಲ್ಲಿ ಅವರ ಹೆಸರೇ ಇಲ್ಲ.

ಈ ತಂಡವನ್ನು ನೋಡಬೇಕೆಂದರೆ 1974ರ ಏಪ್ರಿಲ್ 6ರ ‘ಕ್ಯಾಲಿಫೋರ್ನಿಯಾ ಜ್ಯಾಮ್’ ಚಿತ್ರೀಕರಣ ನೋಡಿ. ಸೂರ್ಯ ಮುಳುಗುವ ಹೊತ್ತಿಗೆ ವೇದಿಕೆ ಹತ್ತುತ್ತೇವೆಂದು ಒಪ್ಪಂದವಾಗಿತ್ತು. ಕಾರ್ಯಕ್ರಮ ವೇಳೆಗಿಂತ ಮುಂದೆ ಓಡಿ, ಬೆಳಕಿರುವಾಗಲೇ ಹತ್ತಿ ಎಂದರು. ಬ್ಲ್ಯಾಕ್‌ಮೋರ್ ಹಟ ಹಿಡಿದು ಕೂತರು. ಕೊನೆಯಲ್ಲಿ ಆ ಸಿಟ್ಟನ್ನೆಲ್ಲ ಟಿವಿ ಕ್ಯಾಮೆರಾಕ್ಕೆ ಗಿಟಾರಿನಿಂದ ತಿವಿದು ತೀರಿಸಿಕೊಂಡರು, ಪೆಟ್ರೋಲ್ ಹಚ್ಚಿದ ಆಂಪ್ಲಿಫೈಯರ್ ಎಣಿಸಿದ್ದಕ್ಕಿಂತ ಜೋರಾಗಿ ಸಿಡಿಯಿತು. ಅದರಲ್ಲೇ ‘ಸ್ಮೋಕ್’ ಕೂಡ ಇದೆ, ಕವರ್‌ಡೇಲ್ ಮತ್ತು ಹ್ಯೂಸ್ ದನಿಯಲ್ಲಿ. ನೀವು ಮೊಬೈಲಿನಲ್ಲಿ ಕೇಳಿದ ಅಪರಿಚಿತ ದನಿಗಳು ಬಹುಶಃ ಇವೇ.

ಅದೇ ವರ್ಷದ ‘ಸ್ಟಾರ್ಮ್‌ಬ್ರಿಂಗರ್’ನಲ್ಲಿ ಹ್ಯೂಸ್ ತಂದ ಫಂಕ್, ಸೋಲ್ ಹೆಚ್ಚಾಯಿತು. ಬ್ಲ್ಯಾಕ್‌ಮೋರ್‌ಗೆ ಅದು ಸೇರಲಿಲ್ಲ. ‘ಕ್ವಾಟರ್‌ಮಾಸ್’ ತಂಡದ ಒಂದು ಹಾಡನ್ನು ಮಾಡೋಣ ಎಂದರೆ ಉಳಿದವರು ಒಪ್ಪಲಿಲ್ಲ. ಅವರು ಆ ಹಾಡನ್ನು ಗಾಯಕ ರಾನಿ ಜೇಮ್ಸ್ ಡಿಯೋ ಮತ್ತು ಅವರ ‘ಎಲ್ಫ್’ ತಂಡದವರ ಜೊತೆ ಮಾಡಿದರು. ಅಲ್ಲಿಂದ ‘ರೇನ್‌ಬೋ’ ಹುಟ್ಟಿತು. 1975ರ ಏಪ್ರಿಲ್ 7, ಪ್ಯಾರಿಸ್: ಬ್ಲ್ಯಾಕ್‌ಮೋರ್ ಹೊರಗೆ.

ಮಾರ್ಕ್ 4ರ ಗಿಟಾರ್ ವಾದಕ ಟಾಮಿ ಬೋಲಿನ್ ಅಮೆರಿಕದವರು, ಬಿಲ್ಲಿ ಕಾಬಮ್ ಅವರ ‘ಸ್ಪೆಕ್ಟ್ರಮ್’ ಆಲ್ಬಂನಲ್ಲಿ ನುಡಿಸಿ ಹೆಸರು ಮಾಡಿದವರು. 1975ರ ‘ಕಮ್ ಟೇಸ್ಟ್ ದ ಬ್ಯಾಂಡ್’ ಒಳ್ಳೆಯ ಆಲ್ಬಂ; ಡೀಪ್ ಪರ್ಪಲ್ ಅಂತ ಹೆಸರಿಲ್ಲದೆ ಬಂದಿದ್ದರೆ ಇನ್ನೂ ಹೆಚ್ಚು ಜನ ಹೊಗಳುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ವೇದಿಕೆಯಲ್ಲಿ ಮಾತ್ರ ಎಲ್ಲ ಕೆಟ್ಟಿತು. ಜನ ಬ್ಲ್ಯಾಕ್‌ಮೋರ್ ಸೋಲೋಗಳಿಗೆ ಕೂಗುತ್ತಿದ್ದರು, ಬೋಲಿನ್ ಮಾದಕ ವಸ್ತುವಿನ ಸುಳಿಯಲ್ಲಿದ್ದರು. ಡಿಸೆಂಬರ್‌ನಲ್ಲಿ ಜಕಾರ್ತಾದಲ್ಲಿ ತಂಡದ ಸಿಬ್ಬಂದಿಯೊಬ್ಬರು ಸತ್ತರು. ಅಲ್ಲಿಂದ ಟೋಕಿಯೋಗೆ ಬಂದಾಗ ಬೋಲಿನ್ ಎಡಗೈ ಸ್ವಾಧೀನದಲ್ಲಿರಲಿಲ್ಲ. ಆ ಸಂಜೆಯ ಮುದ್ರಣವೇ ‘ಲಾಸ್ಟ್ ಕನ್ಸರ್ಟ್ ಇನ್ ಜಪಾನ್’. ಗಿಟಾರ್ ಇರಬೇಕಾದ ಜಾಗವನ್ನೆಲ್ಲ ಲಾರ್ಡ್ ಆರ್ಗನ್ ತುಂಬುವುದು ಕಿವಿಗೆ ಸ್ಪಷ್ಟ. ಬೋಲಿನ್ ಎಂಥ ವಾದಕ ಎಂದು ಅದೊಂದನ್ನೇ ಕೇಳಿ ತೀರ್ಮಾನಿಸಿದರೆ ಅನ್ಯಾಯ. 1976ರ ಮಾರ್ಚ್ 15, ಲಿವರ್‌ಪೂಲ್: ಕೊನೆಯ ಕಾರ್ಯಕ್ರಮ. ಡಿಸೆಂಬರ್ 4ರಂದು ಮಯಾಮಿಯಲ್ಲಿ ಬೋಲಿನ್ ತೀರಿಕೊಂಡರು, ವಯಸ್ಸು 25.

ತಂಡವಿಲ್ಲದ ಎಂಟು ವರ್ಷಗಳಲ್ಲಿ ಇವರೆಲ್ಲ ಎಲ್ಲಿದ್ದರು ಎಂಬುದು ಗೊತ್ತಿದ್ದರೆ ಮುಂದಿನ ಬದಲಾವಣೆಗಳು ತಾವಾಗಿ ಅರ್ಥವಾಗುತ್ತವೆ. ಕವರ್‌ಡೇಲ್ ಕಟ್ಟಿದ ‘ವೈಟ್‌ಸ್ನೇಕ್’ಗೆ ಲಾರ್ಡ್ ಹೋದರು, ಆಮೇಲೆ ಪೇಸ್ ಕೂಡ. ‘ರೇನ್‌ಬೋ’ಗೆ 1979ರಲ್ಲಿ ಗ್ಲವರ್ ಸೇರಿದರು, ತಮ್ಮನ್ನು ಹೊರಗೆ ಹಾಕಿಸಿದ ಬ್ಲ್ಯಾಕ್‌ಮೋರ್ ಕೈಕೆಳಗೇ! ಅದೇ ರೇನ್‌ಬೋದಲ್ಲಿ ಕೀಬೋರ್ಡ್‌ಗೆ ಡಾನ್ ಏರಿ, ಸ್ವಲ್ಪ ತಡವಾಗಿ ಗಾಯಕ ಜೋ ಲಿನ್ ಟರ್ನರ್. ಗಿಲನ್ ಸ್ವಂತ ತಂಡ ನಡೆಸಿ, 1983ರಲ್ಲಿ ‘ಬ್ಲ್ಯಾಕ್ ಸಬ್ಬತ್’ ಜೊತೆ ಒಂದು ಆಲ್ಬಂ ಹಾಡಿದರು. ಮುಂದೆ ಡೀಪ್ ಪರ್ಪಲ್‌ನಲ್ಲಿ ಜಾಗ ಖಾಲಿಯಾದಾಗ ಟರ್ನರ್, ಏರಿ ಬಂದದ್ದು ಈ ನೆಂಟಸ್ತಿಕೆಯಿಂದಲೇ.

ನಡುವೆ ಒಂದು ನಕಲಿ ಪ್ರಕರಣವೂ ಆಯಿತು. 1980ರಲ್ಲಿ ರಾಡ್ ಇವಾನ್ಸ್ ಅವರನ್ನು ಮುಂದಿಟ್ಟುಕೊಂಡು ಕೆಲವರು ‘ಡೀಪ್ ಪರ್ಪಲ್’ ಹೆಸರಿನಲ್ಲೇ ಮೆಕ್ಸಿಕೋ, ಅಮೆರಿಕಗಳಲ್ಲಿ ಕಾರ್ಯಕ್ರಮ ಕೊಟ್ಟರು. ಟಿಕೆಟ್ ಕೊಂಡ ಜನ ಬ್ಲ್ಯಾಕ್‌ಮೋರ್, ಗಿಲನ್ ಬರುತ್ತಾರೆಂದುಕೊಂಡು ಬಂದರು. ವೇದಿಕೆಯ ಮೇಲೆ ಇವಾನ್ಸ್ ಬಿಟ್ಟರೆ ಗುರುತಿನವರೇ ಇಲ್ಲ. ಗಲಾಟೆಯಾಯಿತು. ಹೆಸರಿನ ಹಕ್ಕು ಇದ್ದವರು ಕೋರ್ಟಿಗೆ ಹೋದರು, 6,72,000 ಡಾಲರ್ ಪರಿಹಾರದ ತೀರ್ಪು ಬಂತು. ಇವಾನ್ಸ್ ತಾವು ನಿಜವಾಗಿ ಹಾಡಿದ್ದ ಮೊದಲ ಮೂರು ಆಲ್ಬಂಗಳ ರಾಯಲ್ಟಿಯನ್ನೂ ಕಳೆದುಕೊಂಡರು. ತಂಡದ ಹೆಸರು ಒಂದು ಆಸ್ತಿ. ಹಿಂದೊಮ್ಮೆ ಸದಸ್ಯನಾಗಿದ್ದ ಮಾತ್ರಕ್ಕೆ ಅದು ಜೊತೆಗೆ ಬರುವುದಿಲ್ಲ.

1984ರಲ್ಲಿ ಮಾರ್ಕ್ 2 ಮತ್ತೆ ಕೂಡಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಕೊಟ್ಟಿತು. ಜನಕ್ಕೆ ಹಬ್ಬ. ಆದರೆ ಕವರ್ ತಿರುಗಿಸಿ ಹೆಸರುಗಳನ್ನು ನೋಡಿ: ಬಹುಪಾಲು ಹಾಡುಗಳ ಕೆಳಗೆ ಬ್ಲ್ಯಾಕ್‌ಮೋರ್, ಗಿಲನ್, ಗ್ಲವರ್ ಮೂವರೇ. ಲಾರ್ಡ್, ಪೇಸ್ ಹೆಸರಿಲ್ಲ. ಅದೇ ಐದು ಮುಖ, ಬೇರೆ ಒಪ್ಪಂದ. 1970ರ ಗಡಿಬಿಡಿಯಲ್ಲಿ ಐದೂ ಕಡೆಯಿಂದ ಬರುತ್ತಿದ್ದ ಸಂಗೀತ ಈಗ ಬ್ಲ್ಯಾಕ್‌ಮೋರ್ ತಂದ ರಿಫ್‌ಗಳ ಸುತ್ತ ತಿರುಗತೊಡಗಿತು; 1987ರ ‘ದ ಹೌಸ್ ಆಫ್ ಬ್ಲೂ ಲೈಟ್’ನಲ್ಲಿ ಸುಸ್ತು ಕೇಳಿಸುತ್ತದೆ. 1989ರಲ್ಲಿ ಗಿಲನ್‌ರನ್ನು ತೆಗೆದರು, ಟರ್ನರ್ ಬಂದರು. ಆ ಮಾರ್ಕ್ 5ರ ಒಂದೇ ಆಲ್ಬಂ ‘ಸ್ಲೇವ್ಸ್ ಆ್ಯಂಡ್ ಮಾಸ್ಟರ್ಸ್’ ರೇನ್‌ಬೋದ ತಡವಾದ ಆಲ್ಬಂನಂತಿದೆ. ಸಿಕ್ಕರೆ ಕೇಳಿ, ಹುಡುಕಿಕೊಂಡು ಹೋಗಬೇಡಿ. ಬೆಳ್ಳಿಹಬ್ಬ ಬಂತೆಂದು 1992ರಲ್ಲಿ ಗಿಲನ್ ವಾಪಸ್ಸು. 1993ರ ನವೆಂಬರ್ 17ರಂದು ಹೆಲ್ಸಿಂಕಿಯಲ್ಲಿ ನುಡಿಸಿ ಬ್ಲ್ಯಾಕ್‌ಮೋರ್ ನಡುಪ್ರವಾಸದಲ್ಲೇ ಎದ್ದುಹೋದರು. ಜಪಾನಿನಲ್ಲಿ ಟಿಕೆಟ್ ಮಾರಾಟವಾಗಿತ್ತು. ಗಿಟಾರ್ ವಾದಕ ಜೋ ಸಾಟ್ರಿಯಾನಿ ಆ ಪ್ರವಾಸ ನಡೆಸಿಕೊಟ್ಟು 1994ರ ಬೇಸಿಗೆಯವರೆಗೆ ಜೊತೆಗಿದ್ದರು. ಅದು ಮಾರ್ಕ್ 6. ಸ್ಟುಡಿಯೋ ಆಲ್ಬಂ ಇಲ್ಲ.

1994ರ ಕೊನೆಗೆ ಬಂದ ಸ್ಟೀವ್ ಮೋರ್ಸ್ 2022ರವರೆಗೆ ಇದ್ದರು. ಬ್ಲ್ಯಾಕ್‌ಮೋರ್ ಎಲ್ಲ ಅವಧಿ ಸೇರಿಸಿದರೂ ಅಷ್ಟು ವರ್ಷ ಇರಲಿಲ್ಲ, ಆದರೂ ಮೋರ್ಸ್‌ರನ್ನು ‘ಬದಲಿ’ ಅನ್ನುವವರಿದ್ದಾರೆ. 1996ರ ‘ಪರ್ಪೆಂಡಿಕ್ಯುಲರ್’ನಲ್ಲಿ ಪ್ರತಿ ಹಾಡಿನ ಕೆಳಗೂ ಮತ್ತೆ ಐದು ಹೆಸರು. ತಂಡ 28 ವರ್ಷ ಮುರಿಯದೆ ನಡೆದದ್ದರಲ್ಲಿ ಮೋರ್ಸ್ ಸ್ವಭಾವದ ಪಾಲೆಷ್ಟೋ, ಈ ಸಾಲಿನ ಪಾಲೂ ಅಷ್ಟೇ. 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ಇದೇ ಮಾರ್ಕ್ 7: ಗಿಲನ್, ಮೋರ್ಸ್, ಗ್ಲವರ್, ಲಾರ್ಡ್, ಪೇಸ್. ಅಂದು ಮೈದಾನದಲ್ಲಿದ್ದವರಿಗೆ ಲಾರ್ಡ್ ಆರ್ಗನ್ ಕೇಳಲು ಸಿಕ್ಕ ಅವಕಾಶ ದೊಡ್ಡದು. ಮರುವರ್ಷ ಅವರು ನಿವೃತ್ತರಾದರು, 2012ರ ಜುಲೈ 16ರಂದು ತೀರಿಕೊಂಡರು. ಅವರ ಜಾಗಕ್ಕೆ ಡಾನ್ ಏರಿ. 2022ರಲ್ಲಿ ಪತ್ನಿಯ ಅನಾರೋಗ್ಯದಿಂದ ಮೋರ್ಸ್ ಬಿಟ್ಟಾಗ ಉತ್ತರ ಐರ್ಲೆಂಡಿನ ಸೈಮನ್ ಮೆಕ್‌ಬ್ರೈಡ್ ಬಂದರು. 2024ರ ‘ಈಕ್ವಲ್ಸ್ ಒನ್’ ಈ ಮಾರ್ಕ್ 9ರದ್ದು. 2016ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಮೊದಲ ಮೂರು ಮಾರ್ಕ್‌ಗಳ ಎಂಟು ಜನರನ್ನು ಸೇರಿಸಿಕೊಂಡಿತು. ಇವಾನ್ಸ್ ಇದ್ದಾರೆ, ಅದೇ ಮೂರು ಆಲ್ಬಂಗಳಲ್ಲಿ ಬೇಸ್ ನುಡಿಸಿದ ಸಿಂಪರ್ ಇಲ್ಲ. ಯಾಕೆ ಅಂತ ಕೇಳಿದರೆ ತರ್ಕಕ್ಕೆ ನಿಲ್ಲುವ ಉತ್ತರವಿಲ್ಲ.

ಇನ್ನು ಕೊಳ್ಳುವ ವಿಷಯ. ಆ್ಯಪ್‌ನಲ್ಲಿ ಕಾಣುವ ವರ್ಷವನ್ನು ನಂಬಬೇಡಿ, ಬಹಳ ಸಲ ಅದು ಮರುಮುದ್ರಣದ ವರ್ಷ. ಲೈವ್ ರೆಕಾರ್ಡಾದರೆ ಬಿಡುಗಡೆಯ ದಿನ ಬಿಟ್ಟು ಮುದ್ರಣವಾದ ದಿನ ನೋಡಿ: ‘ಮೇಡ್ ಇನ್ ಯುರೋಪ್’ ಬಂದದ್ದು 1976ರಲ್ಲಿ, ಅಷ್ಟರಲ್ಲಿ ತಂಡವೇ ಇರಲಿಲ್ಲ, ಒಳಗಿರುವುದು 1975ರ ಏಪ್ರಿಲ್‌ನ ಮಾರ್ಕ್ 3. ಸಂಗ್ರಹಗಳಲ್ಲಿ 1980ರ ‘ಡೀಪೆಸ್ಟ್ ಪರ್ಪಲ್’ ಹೆಚ್ಚು ಸಿಗುತ್ತದೆ. 12 ಹಾಡುಗಳಲ್ಲಿ ಹತ್ತು ಮಾರ್ಕ್ 2, ಎರಡು ಮಾರ್ಕ್ 3, ‘ಹಶ್’ ಇಲ್ಲ. ‘ಫೈರ್‌ಬಾಲ್’ ಕೊಳ್ಳುವಾಗ ಹಾಡುಪಟ್ಟಿ ಓದಿ: ಬ್ರಿಟಿಷ್ ಅಚ್ಚಿನಲ್ಲಿ ‘ಡೀಮನ್ಸ್ ಐ’, ಅಮೆರಿಕದ್ದರಲ್ಲಿ ಅದರ ಬದಲು ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’. ‘ಇನ್ ರಾಕ್’ನ ಹಳೆಯ ಅಮೆರಿಕನ್ ಅಚ್ಚಿನಲ್ಲಿ ‘ಸ್ಪೀಡ್ ಕಿಂಗ್’ ಆರಂಭದ ಗದ್ದಲವನ್ನೇ ಕತ್ತರಿಸಿದ್ದಾರೆ. ಬ್ರಿಟಿಷ್ ಅಚ್ಚು ತಗೊಳ್ಳಿ. ‘ಬ್ಲ್ಯಾಕ್ ನೈಟ್’ ಮೂಲ ಎಲ್‌ಪಿಯಲ್ಲಿ ಇಲ್ಲ, ಅದು ಬಿಡಿ ಸಿಂಗಲ್. 1990ರ ದಶಕದ ವಾರ್ಷಿಕೋತ್ಸವದ ಸಿಡಿಗಳಲ್ಲಿ ಗ್ಲವರ್ ಮಾಡಿದ ಹೊಸ ಮಿಕ್ಸ್‌ಗಳೂ ಇವೆ; ಬೇಸ್ ಬಿಡಿಸಿ ಕೇಳಬೇಕೆಂದರೆ ಒಳ್ಳೆಯದು, ಆದರೆ ಅಪ್ಪನ ಕ್ಯಾಸೆಟ್ಟಿನ ನಾದ ಅದಲ್ಲ. ಅದು ಬೇಕಾದರೆ ಮೂಲ ಮಿಕ್ಸ್ ಇರುವುದನ್ನೇ ಆರಿಸಿ. ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಮೂಲ ‘ಮಷೀನ್ ಹೆಡ್’ನಲ್ಲಿ ಇರಲಿಲ್ಲ, ಬ್ಲ್ಯಾಕ್‌ಮೋರ್‌ಗೆ ಹಿಡಿಸದೆ ಸಿಂಗಲ್‌ನ ಹಿಂಬದಿಗೆ ಹೋಗಿತ್ತು. ಹೊಸ ಆವೃತ್ತಿಗಳಲ್ಲಿ ಇದೆ.

ಒಂದೊಂದೇ ಕೊಳ್ಳುವುದಾದರೆ ನನ್ನ ಕ್ರಮ: ‘ಮೇಡ್ ಇನ್ ಜಪಾನ್’, ‘ಇನ್ ರಾಕ್’, ‘ಬರ್ನ್’, ‘ಪರ್ಪೆಂಡಿಕ್ಯುಲರ್’. ‘ಮಷೀನ್ ಹೆಡ್’ ಹೇಗೂ ಮನೆಯಲ್ಲಿದೆ. ಮಾರ್ಕ್ 1ರ ಮೂರನ್ನು ಆಮೇಲೆ ಕೇಳಿದರೆ ಸಾಕು.

ಕೊನೆಗೆ ರಿಫ್. ಗಿಟಾರ್ ಮಾಮೂಲಿ ಟ್ಯೂನಿಂಗ್‌ನಲ್ಲೇ ಇರಲಿ. ಮೂರನೆಯ ಮತ್ತು ನಾಲ್ಕನೆಯ ತಂತಿ, ಜಿ ಮತ್ತು ಡಿ, ಎರಡೇ ಬೇಕು. ಎರಡೂ ಸದಾ ಒಟ್ಟಿಗೆ, ಒಂದೇ ಫ್ರೆಟ್‌ನಲ್ಲಿ. ಮೊದಲ ತುಣುಕು: ಖಾಲಿ, 3, 5. ಎರಡನೆಯದು: ಖಾಲಿ, 3, 6, 5. ಮೂರನೆಯದು: ಖಾಲಿ, 3, 5, 3, ಖಾಲಿ. ವೇಗ ನಿಮಿಷಕ್ಕೆ 112ರ ಆಸುಪಾಸು. ಹೆಚ್ಚಿನವರು ಇದನ್ನು ಕೆಳಗಿನ ದಪ್ಪ ತಂತಿಗಳ ಮೇಲೆ ಪವರ್ ಕಾರ್ಡ್‌ನಲ್ಲಿ ಹಿಡಿಯುತ್ತಾರೆ. ಅಲ್ಲಿಗೆ ಎರಡು ಸ್ವರಗಳ ನಡುವಿನ ಅಂತರವೇ ಬೇರೆಯಾಗುತ್ತದೆ. ಬ್ಲ್ಯಾಕ್‌ಮೋರ್ ನುಡಿಸುವುದು ಷಡ್ಜದ ಕೆಳಗೆ ಪಂಚಮ ಇಟ್ಟು, ಪವರ್ ಕಾರ್ಡ್‌ನಲ್ಲಿ ಪಂಚಮ ಮೇಲಿರುತ್ತದೆ. ಇನ್ನೊಂದು ತಪ್ಪು ಪಿಕ್. ಪಿಕ್ ಎಳೆದರೆ ಒಂದು ತಂತಿ ಕೂದಲೆಳೆಯಷ್ಟು ಮೊದಲು, ಇನ್ನೊಂದು ಆಮೇಲೆ ನುಡಿಯುತ್ತದೆ. ಹೆಬ್ಬೆರಳು ಮತ್ತು ಒಂದು ಬೆರಳಿಂದ ಎರಡನ್ನೂ ಒಮ್ಮೆಗೇ ಚಿವುಟಿ ಎಳೆಯಿರಿ. ಡಿಸ್ಟಾರ್ಷನ್ ಅರ್ಧಕ್ಕೆ ಇಳಿಸಿ. ತುಣುಕುಗಳ ನಡುವಿನ ಬಿಡುವಿನಲ್ಲಿ ಅಂಗೈ ಅಂಚಿನಿಂದ ತಂತಿ ಮುಚ್ಚಿ, ಖಾಲಿ ತಂತಿ ಗುಂಯ್‌ಗುಡುತ್ತಲೇ ಇದ್ದರೆ ಲಯ ಕಲಸಿಹೋಗುತ್ತದೆ.

ಇಷ್ಟು ಸರಿಯಾದರೂ ಮೊದಲ ಒಂದೆರಡು ಸುತ್ತು ಮಾತ್ರ ರೆಕಾರ್ಡಿಗೆ ಹೊಂದುತ್ತದೆ, ಆಮೇಲೆ ತೆಳುವಾಯಿತು ಅನ್ನಿಸುತ್ತದೆ. ಅಲ್ಲಿಂದ ಮುಂದೆ ರೆಕಾರ್ಡಿನಲ್ಲಿ ಗಿಟಾರ್ ಒಂಟಿಯಲ್ಲ: ಪೇಸ್ ಹೈ-ಹ್ಯಾಟ್ ಜೊತೆಗೆ ಲಾರ್ಡ್ ಅದೇ ರಿಫ್ಫನ್ನು ಮಾರ್ಷಲ್ ಮೂಲಕ ಆರ್ಗನ್‌ನಲ್ಲಿ ನುಡಿಸುತ್ತಿದ್ದಾರೆ, ಆಮೇಲೆ ಪೂರ್ತಿ ಡ್ರಮ್ಸ್, ಅದರ ನಂತರ ಬೇಸ್. ಕೀಬೋರ್ಡ್ ಇರುವ ಗೆಳೆಯರಿದ್ದರೆ ಆರ್ಗನ್ ಟೋನ್ ಆರಿಸಿ, ಮೇಲೆ ಗಿಟಾರಿನ ಓವರ್‌ಡ್ರೈವ್ ಪೆಡಲ್ ಹಾಕಿ, ಇವೇ ಸ್ವರಗಳನ್ನು ಜೊತೆಗೆ ನುಡಿಸಲು ಹೇಳಿ. ಆ ಆರ್ಗನ್ ಟೋನಿನಲ್ಲಿ ಲೆಸ್ಲಿ ಅಥವಾ ರೋಟರಿ ಎಂಬ ಗುಂಡಿ ಇದ್ದರೆ ಅದನ್ನು ಆಫ್ ಮಾಡಿಸಿ.